ಪೊರೆ ತೆಗೆಸಿದ್ದಾಯಿತು, ಪ್ರೆಶರ್ ಎಷ್ಟಿದೆ?

ಓದುಗರ ಪ್ರಶ್ನೆ, ಕಣ್ಣಿನ ಡಾಕ್ಟರ ಉತ್ತರ

ಹಿಂದಿನ ಸಂಚಿಕೆಯಲ್ಲಿ, ಕಣ್ಣೊಳಗಿನ ಒತ್ತಡ (ಪ್ರೆಶರ್) ದೃಷ್ಟಿನರವನ್ನು ಕೆಡಿಸುವ ಗ್ಲಾಕೋಮಾ ಬಗ್ಗೆ ಬರೆದದ್ದೇ ತಡ, ಪತ್ರಗಳು ಬಂದು ಬಿದ್ದವು. ಬಹುಪಾಲು ಪತ್ರಗಳ ವಿಷಯ ಒಂದೇ: ಪೊರೆಗೂ ಗ್ಲಾಕೋಮಾಕ್ಕೂ ಒಟ್ಟಿಗೆ ಮಾಡುವ ಆಪರೇಷನ್. ಹಾಗಾಗಿ ಕಣ್ಣುರಿ, ತುರಿಕೆ, ಮೊಬೈಲ್ ನೋಡಿ ತಲೆನೋವು ಎಂದು ಬರೆದವರು ಮುಂದಿನ ತಿಂಗಳವರೆಗೆ ಕಾಯಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಪ್ಪನಿಗೆ 71 ವರ್ಷ. ಅಡಿಕೆ ತೋಟ ಈಗಲೂ ಅವರೇ ನೋಡಿಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಬಲಗಣ್ಣಿಗೆ ಪೊರೆ, ಗ್ಲಾಕೋಮಾ ಎರಡಕ್ಕೂ ಒಟ್ಟಿಗೆ ಆಪರೇಷನ್ ಆಯಿತು. ಅದೇ ವಾರ ಪಕ್ಕದ ಮನೆಯ ಅಜ್ಜನಿಗೆ ಬರೀ ಪೊರೆ ತೆಗೆದರು. ಆ ಅಜ್ಜ ಮೂರನೇ ದಿನಕ್ಕೇ ಪೇಪರ್ ಹಿಡಿದು ಜಗಲಿಯಲ್ಲಿ ಕೂತರು. ಅಪ್ಪನಿಗೆ ಇನ್ನೂ ಮಸುಕು. ಮೊದಲು ಚೀಟಿಯಲ್ಲಿ ದೃಷ್ಟಿ 6/36, ಪ್ರೆಶರ್ 28 ಎಂದಿತ್ತು. ಈಗ 6/18, ಪ್ರೆಶರ್ 13 ಎಂದು ಬರೆದಿದ್ದಾರೆ. ಆಗ ಗ್ಲಾಕೋಮಾಕ್ಕೆ ಮೂರು ಥರದ ಡ್ರಾಪ್ಸ್ ಹಾಕುತ್ತಿದ್ದೆವು, ಈಗ ಅದು ಒಂದೂ ಇಲ್ಲ. ‘ಆಪರೇಷನ್ ಫೇಲ್ ಆಯ್ತು, ದುಡ್ಡು ಹೋಯ್ತು’ ಎಂದು ಅಪ್ಪ ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ.
— ಮಗಳು, ಸಾಗರ ತಾಲ್ಲೂಕು

ಉತ್ತರ: ತಾಯೀ, ಮೊದಲು ಅಪ್ಪನಿಗೆ ಹೊಟ್ಟೆ ತುಂಬ ಬಡಿಸಿ. ನೀವು ಬರೆದ ಸಂಖ್ಯೆಗಳನ್ನು ಓದಿ ನನಗಂತೂ ಸಂತೋಷವಾಯಿತು. ಮೂರು ಡ್ರಾಪ್ಸ್ ಹಾಕಿಯೂ 28ರಲ್ಲಿ ನಿಂತಿದ್ದ ಪ್ರೆಶರ್ ಒಂದೂ ಡ್ರಾಪ್ಸ್ ಇಲ್ಲದೆ 13ಕ್ಕೆ ಇಳಿದಿದೆ. ಗ್ಲಾಕೋಮಾ ಆಪರೇಷನ್ ಮಾಡುವ ಯಾವ ಡಾಕ್ಟರೂ ಇದಕ್ಕಿಂತ ಹೆಚ್ಚು ಆಸೆಪಡುವುದಿಲ್ಲ.

ನಮ್ಮ ಕಡೆಯ ಹಿರಿಯರಿಗೆ ಕಣ್ಣಿನ ಆಪರೇಷನ್ ಎಂದರೆ ಏನು ಎಂಬುದನ್ನು ಕಲಿಸಿಕೊಟ್ಟವರು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು. ಊರೂರಿಗೆ ಅವರ ಕ್ಯಾಂಪ್ ಬರುತ್ತಿತ್ತು, ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದರು, ಪಟ್ಟಿ ಬಿಚ್ಚಿದಾಗ ಮೊಮ್ಮಕ್ಕಳ ಮುಖ ಕಾಣುತ್ತಿತ್ತು. ಅಂದಿನಿಂದ ನಮ್ಮಲ್ಲಿ ಆಪರೇಷನ್ ಗೆದ್ದಿತೋ ಸೋತಿತೋ ಎಂದು ಅಳೆಯುವ ಕೋಲು ಒಂದೇ: ‘ಕಣ್ಣು ಬಂತಾ?’ ಪೊರೆಯ ಮಟ್ಟಿಗೆ ಅದು ಸರಿಯಾದ ಕೋಲೇ. ಗ್ಲಾಕೋಮಾಕ್ಕೆ ಅದನ್ನು ಹಿಡಿದರೆ ಗೆದ್ದ ಆಪರೇಷನ್ನೂ ಸೋತಂತೆ ಕಾಣುತ್ತದೆ.

ಪೊರೆ ಎಂದರೆ ಕಣ್ಣೊಳಗಿನ ಲೆನ್ಸ್ ಮಬ್ಬಾಗುವುದು. ಅದನ್ನು ತೆಗೆದು ಬೇರೆ ಲೆನ್ಸ್ ಇಟ್ಟರೆ ಬೆಳಕು ಮತ್ತೆ ಒಳಗೆ ಬರುತ್ತದೆ. ಗ್ಲಾಕೋಮಾದಲ್ಲಿ ಕೆಡುವುದು ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರ. ಆ ನರದ ಎಳೆಗಳಲ್ಲಿ ಸತ್ತದ್ದು ಸತ್ತಿತು. ಅದನ್ನು ಬದುಕಿಸುವ ಔಷಧಿಯಾಗಲಿ ಆಪರೇಷನ್ ಆಗಲಿ ಇವತ್ತಿಗೂ ಇಲ್ಲ. ಪ್ರೆಶರ್ ಇಳಿಸಿ ಉಳಿದ ಎಳೆಗಳನ್ನು ಕಾಯಬಹುದು, ಅಷ್ಟೇ. ಒಂದೇ ಮೇಜಿನ ಮೇಲೆ, ಒಂದೇ ಹೊತ್ತಿನಲ್ಲಿ ನಿಮ್ಮ ತಂದೆಗೆ ಎರಡು ಕೆಲಸ ಆಗಿವೆ. ಒಂದು ಕಳೆದದ್ದನ್ನು ಕೊಡುವ ಕೆಲಸ, ಇನ್ನೊಂದು ಇರುವುದನ್ನು ಹೋಗಗೊಡದ ಕೆಲಸ. 6/36ರಿಂದ 6/18ಕ್ಕೆ ಬಂದದ್ದು (ಕೆಳಗಿನ ಅಂಕಿ ಇಳಿದಷ್ಟೂ ದೃಷ್ಟಿ ಮೇಲು) ಮೊದಲನೆಯದರ ಫಲ. ಎರಡನೆಯದರ ಫಲ ಕಣ್ಣಿಗೆ ಕಾಣುವಂಥದ್ದಲ್ಲ, ಚೀಟಿಯಲ್ಲಿ 13 ಎಂದು ಬರೆದಿದೆಯಲ್ಲ, ಅದೇ.

ಈ ಎರಡನೇ ಕೆಲಸಕ್ಕೆ ಟ್ರಾಬೆಕ್ಯುಲೆಕ್ಟಮಿ ಎಂದು ಹೆಸರು. 1968ರಲ್ಲಿ ಕೇಂಬ್ರಿಜ್‌ನ ಡಾ. ಕೇರ್ನ್ಸ್ ಇದನ್ನು ವಿವರಿಸಿ ಬರೆದರು. ಆಮೇಲೆ ಸಾಕಷ್ಟು ಬದಲಾವಣೆಯಾಗಿದ್ದರೂ ಇವತ್ತೂ ನಾವು ಮಾಡುವುದು ಮೂಲತಃ ಅದನ್ನೇ. ಕಣ್ಣೊಳಗೆ ನೀರು ಸದಾ ಊರುತ್ತಿರುತ್ತದೆ, ಹೊರಗೆ ಹೋಗುವ ದಾರಿ ಕಟ್ಟಿದರೆ ಒತ್ತಡ ಏರುತ್ತದೆ. ಕೆರೆಗೆ ಹೊಸ ತೂಬು ಇಟ್ಟಂತೆ ನಾವು ಬಿಳಿಗುಡ್ಡೆಯ ಮೇಲ್ಭಾಗದಲ್ಲಿ, ಮೇಲಿನ ರೆಪ್ಪೆಯ ಮರೆಯಲ್ಲಿ ಒಂದು ಸಣ್ಣ ದಾರಿ ಮಾಡುತ್ತೇವೆ. ನೀರು ಅಲ್ಲಿಂದ ಹೊರಬಂದು ಕಣ್ಣಿನ ಮೇಲಿನ ತೆಳು ಪದರದ ಕೆಳಗೆ ಸೇರುತ್ತದೆ. ರೆಪ್ಪೆ ಎತ್ತಿ ನೋಡಿದರೆ ಅಲ್ಲೊಂದು ನೀರ್ಗುಳ್ಳೆಯಂಥ ಉಬ್ಬು ಕಾಣುತ್ತದೆ. ಅದು ಇರಬೇಕು. ಅದನ್ನು ಕಂಡು ಗಾಬರಿಯಾಗಿ ಉಜ್ಜಿದವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಮಸುಕಿನ ಮಾತು. ಒಟ್ಟಿಗೆ ಮಾಡಿದ ಆಪರೇಷನ್ನಿನಲ್ಲಿ ದೃಷ್ಟಿ ತಿಳಿಯಾಗುವುದೇ ನಿಧಾನ. ಹೊಲಿಗೆಯ ಬಿಗಿತಕ್ಕೆ ಕಣ್ಣಿನ ಮುಂಭಾಗ ಸ್ವಲ್ಪ ಸೊಟ್ಟಗಾಗಿರುತ್ತದೆ, ಮೊದಲ ವಾರಗಳಲ್ಲಿ ಪ್ರೆಶರ್ ಏರಿಳಿಯುತ್ತದೆ, ಅದರ ಜತೆಗೆ ಕನ್ನಡಕದ ನಂಬರೂ ಓಡಾಡುತ್ತದೆ. ಹಾಗಾಗಿ ಅವಸರದಲ್ಲಿ ಕನ್ನಡಕ ಮಾಡಿಸಬೇಡಿ, ಪ್ರೆಶರ್ ಮತ್ತು ನಂಬರ್ ಎರಡೂ ಒಂದು ಕಡೆ ನಿಲ್ಲಲಿ. ಮೂರನೇ ತಿಂಗಳ ಹೊತ್ತಿಗೆ ಕನ್ನಡಕ ಹಾಕಿದಾಗ ಬೋರ್ಡಿನಲ್ಲಿ ಇನ್ನೊಂದೆರಡು ಸಾಲು ಸಿಕ್ಕರೂ ಸಿಗಬಹುದು. ಸಿಗದಿದ್ದರೆ ಆ ಸಾಲುಗಳನ್ನು ಗ್ಲಾಕೋಮಾ ಆಪರೇಷನ್ನಿಗೆ ಮೊದಲೇ ತಿಂದಿತ್ತು ಎಂದರ್ಥ.

ಹಳೆಯ ಫೀಲ್ಡ್ ಟೆಸ್ಟ್ (ಸುತ್ತಲಿನ ದೃಷ್ಟಿ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ) ಚೀಟಿ ಮನೆಯಲ್ಲಿದ್ದರೆ ಹುಡುಕಿ ಒಂದು ಫೈಲಿಗೆ ಹಾಕಿಡಿ. ನಿಮ್ಮ ತಂದೆಯ ಆಪರೇಷನ್ನಿನ ನಿಜವಾದ ಫಲಿತಾಂಶ ಬರುವುದು ವರ್ಷ, ಎರಡು ವರ್ಷದ ಮೇಲೆ, ಹೊಸ ಫೀಲ್ಡ್ ಟೆಸ್ಟನ್ನು ಆ ಹಳೆಯದರ ಪಕ್ಕ ಇಟ್ಟಾಗ. ಅಮೆರಿಕದಲ್ಲಿ ‘ಅಡ್ವಾನ್ಸ್ಡ್ ಗ್ಲಾಕೋಮಾ ಇಂಟರ್ವೆನ್ಷನ್ ಸ್ಟಡಿ’ ಎಂಬ ದೊಡ್ಡ ಅಧ್ಯಯನ ನಡೆಯಿತು. 2000ದಲ್ಲಿ ಬಂದ ಅದರ ವರದಿಯ ಪ್ರಕಾರ, ಆರು ವರ್ಷ ಪ್ರತಿ ತಪಾಸಣೆಯಲ್ಲೂ ಪ್ರೆಶರ್ 18ಕ್ಕಿಂತ ಕೆಳಗಿದ್ದ ಕಣ್ಣುಗಳಲ್ಲಿ ಸರಾಸರಿ ನೋಡಿದರೆ ಫೀಲ್ಡ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪ್ರತಿ ತಪಾಸಣೆಯಲ್ಲೂ ಎಂಬುದನ್ನು ಗಮನಿಸಿ. ಒಮ್ಮೆ 13 ಬಂದರೆ ಸಾಲದು, ಅದು ನಿಲ್ಲಬೇಕು.

ಇನ್ನೊಂದು ಮಾತು ನಿಮಗೇ. ಗ್ಲಾಕೋಮಾ ಇರುವವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಅದು ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ನಲವತ್ತು ದಾಟಿದ್ದರೆ ಅಪ್ಪನ ಮುಂದಿನ ತಪಾಸಣೆಯ ದಿನವೇ ನೀವೂ ಪ್ರೆಶರ್ ನೋಡಿಸಿ, ನರವನ್ನೂ ನೋಡಿಸಿ. ಹೇಗೂ ಬಸ್ಸಿನ ಖರ್ಚು ಆಗಿಯೇ ಇರುತ್ತದೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ, 64 ವರ್ಷ. ಎಡಗಣ್ಣಿಗೆ ಪೊರೆ ಬಂದಿದೆ. ಎರಡು ಡ್ರಾಪ್ಸಿನ ಮೇಲೆ ಪ್ರೆಶರ್ 17–18 ಇದೆ. ಒಬ್ಬ ಡಾಕ್ಟರು ಪೊರೆ ಮಾತ್ರ ತೆಗೆಯೋಣ ಅಂತಾರೆ, ಇನ್ನೊಬ್ಬರು ಎರಡೂ ಒಂದೇ ಸಲ ಮುಗಿಸಿಬಿಡೋಣ ಅಂತಾರೆ. ಯಾರ ಮಾತು ಕೇಳಲಿ?
— ಹಾವೇರಿ

ಉತ್ತರ: ಮಾಸ್ತರರೇ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀವು ಬರೆಯದೇ ಬಿಟ್ಟದ್ದು ಒಂದಿದೆ: ನಿಮ್ಮ ದೃಷ್ಟಿನರ ಎಷ್ಟು ಕೆಟ್ಟಿದೆ? ತೀರ್ಮಾನ ನಿಂತಿರುವುದು ಅದರ ಮೇಲೆ.

ನರಕ್ಕೆ ಸ್ವಲ್ಪವೇ ಪೆಟ್ಟಾಗಿದ್ದು, ಫೀಲ್ಡ್ ಟೆಸ್ಟ್ ವರ್ಷದಿಂದ ವರ್ಷಕ್ಕೆ ಹಾಗೇ ಇದ್ದರೆ, ಎರಡು ಡ್ರಾಪ್ಸ್ ನಿಮಗೆ ಒಗ್ಗಿದ್ದರೆ, ಪೊರೆ ಮಾತ್ರ ತೆಗೆಸಿ. ಬರೀ ಪೊರೆ ತೆಗೆದರೂ ಪ್ರೆಶರ್ ಎರಡು ಮೂರು ಅಂಕ ಇಳಿಯುವುದುಂಟು, ಆದರೆ ಅದು ವರ್ಷಗಳು ಕಳೆದಂತೆ ಕರಗಬಹುದು. ನರಕ್ಕೆ ಜೋರು ಪೆಟ್ಟಾಗಿದ್ದರೆ 18 ಎನ್ನುವುದು ನಿಮ್ಮ ಕಣ್ಣಿಗೆ ಹೆಚ್ಚೇ. 10ರಿಂದ 21 ನಾರ್ಮಲ್ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು ಗಟ್ಟಿ ನರ ಇರುವವರ ಲೆಕ್ಕ. ಸವೆದ ನರಕ್ಕೆ ಹನ್ನೆರಡು ಹದಿಮೂರರ ಆಸುಪಾಸು ಬೇಕಾಗುತ್ತದೆ. ಅಂಥವರಿಗೆ ಒಟ್ಟಿಗೆ ಮಾಡುವುದರಲ್ಲಿ ಇನ್ನೊಂದು ಲಾಭವೂ ಇದೆ. ಗ್ಲಾಕೋಮಾ ಇರುವ ಕಣ್ಣಿನಲ್ಲಿ ಬರೀ ಪೊರೆ ತೆಗೆದ ಮೊದಲ ರಾತ್ರಿಯೇ ಪ್ರೆಶರ್ ದಿಢೀರನೆ ಏರುವುದುಂಟು. ಕೊನೆಯ ಹಂತದ ನರಕ್ಕೆ ಆ ಒಂದು ರಾತ್ರಿಯೂ ಭಾರ. ಹೊಸ ದಾರಿ ಇದ್ದರೆ ಆ ಏರಿಕೆಗೆ ತಡೆ ಬೀಳುತ್ತದೆ.

ಹಾಗೆಂದು ‘ಒಂದೇ ಸಲ ಮುಗಿಸಿಬಿಡೋಣ’ ಎಂಬುದು ಯಾವಾಗಲೂ ಲಾಭದ ವ್ಯಾಪಾರವಲ್ಲ. ಪೊರೆಯನ್ನೂ ಜತೆಗೆ ತೆಗೆದಾಗ ಕಣ್ಣೊಳಗೆ ಊತ ಹೆಚ್ಚು, ಊತ ಹೆಚ್ಚಾದರೆ ಗಾಯದ ಕಲೆ ಹೆಚ್ಚು, ಆ ಕಲೆ ನಾವು ಮಾಡಿದ ದಾರಿಯನ್ನು ಮುಚ್ಚಲು ನೋಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ಗ್ಲಾಕೋಮಾ ಆಪರೇಷನ್ ಒಂದನ್ನೇ ಮಾಡಿದಾಗ ಇಳಿಯುವಷ್ಟು ಪ್ರೆಶರ್ ಜೋಡಿ ಆಪರೇಷನ್ನಿನಲ್ಲಿ ಇಳಿಯುವುದಿಲ್ಲ. ಪ್ರೆಶರ್ ತೀರಾ ಕೈಮೀರಿದ್ದರೆ ನಾನು ಮೊದಲು ಗ್ಲಾಕೋಮಾಕ್ಕೆ ಮಾಡಿ, ಕನಿಷ್ಠ ಆರು ತಿಂಗಳು ಬಿಟ್ಟು ಪೊರೆಗೆ ಕೈಹಾಕುವ ಪಕ್ಷದವಳು. ಆದರೆ ಅದರಲ್ಲೂ ತೊಡಕಿದೆ. ಗ್ಲಾಕೋಮಾ ಆಪರೇಷನ್ ಆದ ಮೇಲೆ ಪೊರೆ ಬೇಗ ಬಲಿಯುತ್ತದೆ, ಅದನ್ನು ತೆಗೆಯಲು ಹೋದಾಗ ಚೆನ್ನಾಗಿ ಕೆಲಸ ಮಾಡುತ್ತಿದ್ದ ದಾರಿ ಮುಚ್ಚಿಕೊಳ್ಳಬಹುದು. ಎರಡನೇ ಸಲ ಕರೆದುಕೊಂಡು ಬರಲು ಮನೆಯಲ್ಲಿ ಆಳಿಲ್ಲದವರಿಗೆ, ದೂರದ ಹಳ್ಳಿಯವರಿಗೆ ಒಟ್ಟಿಗೆ ಮಾಡುವುದೇ ಮೇಲು ಎಂದು ನಾನು ಎಷ್ಟೋ ಸಲ ನಿರ್ಧರಿಸಿದ್ದೇನೆ. ಪುಸ್ತಕದಲ್ಲಿ ಈ ಕಾರಣಕ್ಕೆ ಅಷ್ಟು ಜಾಗ ಇರುವುದಿಲ್ಲ, ನಮ್ಮ ಓಪಿಡಿಯಲ್ಲಿ ಇದೆ.

ಪುರಾವೆ ಬೇಕೆನ್ನುವ ಮಾಸ್ತರರು ನೀವಾಗಿದ್ದರೆ: ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಯಲ್ಲಿ 9 ಪ್ರಯೋಗಗಳನ್ನು, 650ಕ್ಕೂ ಹೆಚ್ಚು ಜನರನ್ನು ಒಟ್ಟು ಹಾಕಿ ನೋಡಿದರು. ಆ ಪ್ರಯೋಗಗಳಲ್ಲಿ ಗ್ಲಾಕೋಮಾ ಆಪರೇಷನ್ನಿನ ಬೇರೆ ಬೇರೆ ಬಗೆಗಳಿದ್ದವು. ಬರೀ ಪೊರೆ ತೆಗೆಸಿದವರಿಗಿಂತ ಎರಡೂ ಮಾಡಿಸಿದವರ ಪ್ರೆಶರ್ ವರ್ಷದ ಕೊನೆಗೆ ಸರಾಸರಿ ಒಂದೂವರೆ ಅಂಕಕ್ಕಿಂತ ತುಸು ಹೆಚ್ಚು ಕೆಳಗಿತ್ತು. ಪುರಾವೆಯ ಗುಣಮಟ್ಟ ಸಾಧಾರಣಕ್ಕಿಂತ ಕಡಿಮೆ ಎಂದು ಅವರೇ ಬರೆದಿದ್ದಾರೆ. ಆದ್ದರಿಂದ ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ ಯಾರೋ ಒಬ್ಬರು ಮೋಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ‘ನನ್ನ ಕಣ್ಣಿಗೆ ಪ್ರೆಶರ್ ಎಷ್ಟಿರಬೇಕು?’ ಸಂಖ್ಯೆ ಹೇಳಿ, ಏಕೆ ಎಂದು ಫೀಲ್ಡ್ ಚೀಟಿ ತೋರಿಸಿ ವಿವರಿಸುವವರ ಮಾತು ಕೇಳಿ.

ಪ್ರಶ್ನೆ: ಜೋಡಿ ಆಪರೇಷನ್ ಆಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಮೈಟೊಮೈಸಿನ್ ಅಂತಿದೆ. ಮಗ ಗೂಗಲ್ ಮಾಡಿ, ‘ಅಮ್ಮಾ ಇದು ಕ್ಯಾನ್ಸರ್ ಔಷಧಿ’ ಎಂದ. ನಿದ್ದೆ ಬರುತ್ತಿಲ್ಲ.
— ಗೃಹಿಣಿ, ರಾಣೆಬೆನ್ನೂರು

ಉತ್ತರ: ನಿಮಗೆ ಕ್ಯಾನ್ಸರ್ ಇದೆ ಎಂದು ಕೊಟ್ಟದ್ದಲ್ಲ, ನಿಶ್ಚಿಂತೆಯಿಂದ ಮಲಗಿ. ಕೋಶಗಳು ಬೆಳೆಯದಂತೆ ತಡೆಯುವ ಔಷಧಿ ಅದು. ಆಪರೇಷನ್ ಮಾಡಿದ ಜಾಗದಲ್ಲಿ ಗಾಯ ಗಟ್ಟಿಯಾಗಿ ಕೂಡಿಕೊಳ್ಳಬಾರದು ಎಂದು, ತೀರಾ ತೆಳುವಾದ ದ್ರಾವಣದಲ್ಲಿ ಸ್ಪಂಜಿನ ಚೂರು ಅದ್ದಿ ಕೆಲವೇ ನಿಮಿಷ ಇಟ್ಟು, ಆಮೇಲೆ ಚೆನ್ನಾಗಿ ತೊಳೆದುಬಿಡುತ್ತಾರೆ. ಬೇರೆಲ್ಲ ಆಪರೇಷನ್ನಿನಲ್ಲಿ ಗಾಯ ಬೇಗ ಮಾಯಲಿ ಎಂದು ಹಾರೈಸುತ್ತೇವೆ, ಇದೊಂದರಲ್ಲಿ ಅದು ಬೇಗ ಮಾಯ್ದರೆ ನಮಗೆ ಸೋಲು.

ಅದಕ್ಕೆ ಬೆಲೆಯೂ ಇದೆ. ಗುಳ್ಳೆಯ ಮೇಲಿನ ಪದರ ತೆಳುವಾಗಿ ಉಳಿಯುತ್ತದೆ. ಕೆಲವರಿಗೆ ನೀರು ಸೋರುತ್ತದೆ, ಕೆಲವರಿಗೆ ಪ್ರೆಶರ್ ಬೇಕಾದ್ದಕ್ಕಿಂತ ಕೆಳಗೆ ಹೋಗಿ ಕಣ್ಣು ಮಂಜಾಗುತ್ತದೆ. ಅಪರೂಪಕ್ಕೆ, ವರ್ಷಗಳು ಕಳೆದ ಮೇಲೂ, ಅಲ್ಲಿಂದ ಸೋಂಕು ಒಳಗೆ ಹೋಗಬಹುದು. ಕಣ್ಣು ಕೆಂಪಾಗಿ, ನೋವು ಬಂದು, ಪಿಸುರು ಕಟ್ಟಿದರೆ ಅಥವಾ ದೃಷ್ಟಿ ಇದ್ದಕ್ಕಿದ್ದಂತೆ ಮಬ್ಬಾದರೆ ‘ಮದ್ರಾಸ್ ಐ ಇರಬೇಕು’ ಎಂದು ಮನೆಯಲ್ಲಿ ಕೂರಬೇಡಿ. ಅದೇ ದಿನ, ಭಾನುವಾರವಾದರೂ ಸರಿ, ಕಣ್ಣಿನ ಆಸ್ಪತ್ರೆಗೆ ಹೋಗಿ ‘ನನಗೆ ಗ್ಲಾಕೋಮಾ ಆಪರೇಷನ್ ಆಗಿದೆ’ ಎಂಬ ಮಾತನ್ನು ಮೊದಲು ಹೇಳಿ.

ಪ್ರಶ್ನೆ: ತಾಯಿಗೆ ಗ್ಲಾಕೋಮಾ ಇದೆ, ಪೊರೆಯೂ ಬಂದಿದೆ. ಖರ್ಚಿನ ಚಿಂತೆಯಿಲ್ಲ. ದೂರ, ಹತ್ತಿರ ಎರಡೂ ಕಾಣುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಬಹುದೇ?
— ಬೆಂಗಳೂರು

ಉತ್ತರ: ಬೇಡ. ಆ ಲೆನ್ಸ್ ಬರುವ ಬೆಳಕನ್ನು ಹಂಚುತ್ತದೆ. ಗ್ಲಾಕೋಮಾ ಆದ ಕಣ್ಣಿಗೆ ಬೂದು ಗೋಡೆಯ ಮುಂದೆ ಬೂದು ಮೆಟ್ಟಿಲು ಗುರುತಿಸುವ ಶಕ್ತಿ ಮೊದಲೇ ಕುಗ್ಗಿರುತ್ತದೆ. ಸಾದಾ ಮೋನೋಫೋಕಲ್ ಹಾಕಿಸಿ, ಓದಲು ಕನ್ನಡಕ ಕೊಡಿಸಿ. ಉಳಿದ ದುಡ್ಡಿನಲ್ಲಿ ಮನೆಯ ಮೆಟ್ಟಿಲಿಗೆ, ಬಚ್ಚಲಿಗೆ ಒಳ್ಳೆಯ ದೀಪ ಹಾಕಿಸಿದರೆ ನಿಮ್ಮ ತಾಯಿಗೆ ಹೆಚ್ಚು ಉಪಯೋಗ.

ಪ್ರಶ್ನೆ: ಹೆಂಡತಿಗೆ 58 ವರ್ಷ. ‘ಆ್ಯಂಗಲ್ ಕ್ಲೋಷರ್’ ಗ್ಲಾಕೋಮಾ ಎಂದಿದ್ದಾರೆ. ಪೊರೆ ಇನ್ನೂ ಎಳೆಯದಂತೆ. ಆದರೂ ಲೆನ್ಸ್ ತೆಗೆದರೆ ಸಾಕು, ಬೇರೆ ಆಪರೇಷನ್ ಬೇಡ ಎನ್ನುತ್ತಾರೆ. ಬಲಿಯದ ಪೊರೆಯನ್ನು ತೆಗೆಯುವುದುಂಟೇ?
— ಮಂಗಳೂರು

ಉತ್ತರ: ಪೊರೆ ಬಲಿಯಲಿ ಎಂದು ಕಾಯುವ ಕಾಲ ಹೋಯಿತು. ನಿಮ್ಮ ಮನೆಯವರ ಗ್ಲಾಕೋಮಾ ಮೇಲಿನ ಪತ್ರದವರದ್ದಕ್ಕಿಂತ ಬೇರೆ ಜಾತಿಯದೂ ಆಗಿರಬಹುದು. ಇಂಥ ಕಣ್ಣು ಗಾತ್ರದಲ್ಲಿ ಚಿಕ್ಕದು. ವಯಸ್ಸಾದಂತೆ ಒಳಗಿನ ಲೆನ್ಸ್ ದಪ್ಪವಾಗಿ ಮುಂದಕ್ಕೆ ಒತ್ತುತ್ತದೆ, ನೀರು ಹೋಗುವ ಮೂಲೆ ಇಕ್ಕಟ್ಟಾಗುತ್ತದೆ. ಅಂದರೆ ಇಲ್ಲಿ ಲೆನ್ಸೇ ಅಪರಾಧಿ. ನಾಲ್ಕೈದು ಮಿಲಿಮೀಟರ್ ದಪ್ಪದ ಅದನ್ನು ತೆಗೆದು ಸುಮಾರು ಒಂದು ಮಿಲಿಮೀಟರಿನ ಕೃತಕ ಲೆನ್ಸ್ ಇಟ್ಟರೆ ಮೂಲೆ ತಾನಾಗಿ ಸಡಿಲಾಗುತ್ತದೆ.

2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ‘ಈಗಲ್’ ಅಧ್ಯಯನ ನಡೆದದ್ದೇ ಪೊರೆ ಇಲ್ಲದ 419 ಜನರ ಮೇಲೆ, ಎಲ್ಲರೂ 50 ದಾಟಿದವರು. ನೀರಿಗೆ ದಾರಿಯಾಗಲೆಂದು ಪಾಪೆಯ ಸುತ್ತಲಿನ ಪರದೆಗೆ ಲೇಸರಿನಲ್ಲಿ ತೂತು ಮಾಡಿಸಿಕೊಂಡವರಿಗಿಂತ ಲೆನ್ಸ್ ತೆಗೆಸಿಕೊಂಡವರ ಪ್ರೆಶರ್ ಚೆನ್ನಾಗಿ ಇಳಿಯಿತು, ಜೀವನವೂ ಸುಗಮವಾಯಿತು. ಹಾಂಗ್‌ಕಾಂಗ್‌ನವರು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಪ್ರಯೋಗ ಮಾಡಿದ್ದಾರೆ. ಆ್ಯಂಗಲ್ ಕ್ಲೋಷರ್ ಜತೆ ಪೊರೆಯೂ ಇದ್ದ ಕಣ್ಣುಗಳಲ್ಲಿ ಬರೀ ಪೊರೆ ತೆಗೆಯುವುದು ಮೇಲೋ, ಜೋಡಿ ಆಪರೇಷನ್ ಮೇಲೋ ಎಂದು 2008ರಲ್ಲಿ 72 ಕಣ್ಣುಗಳಲ್ಲಿ, 2009ರಲ್ಲಿ 51 ಕಣ್ಣುಗಳಲ್ಲಿ ನೋಡಿದರು. ಮೊದಲನೆಯ ಗುಂಪು ಡ್ರಾಪ್ಸಿಗೆ ಬಗ್ಗಿದ್ದು, ಎರಡನೆಯದು ಬಗ್ಗದ್ದು. ಎರಡರಲ್ಲೂ ಜೋಡಿ ಆಪರೇಷನ್ ಆದವರಿಗೆ ಆಮೇಲೆ ಡ್ರಾಪ್ಸ್ ಕಡಿಮೆ ಸಾಕಾಯಿತು, ತೊಡಕುಗಳು ಮಾತ್ರ ಹೆಚ್ಚು ಬಂದವು. ಹಾಗಾಗಿ ಪ್ರೆಶರ್ ಡ್ರಾಪ್ಸಿನಲ್ಲಿ ಹಿಡಿತಕ್ಕೆ ಬರುತ್ತಿದ್ದು, ನರ ಇನ್ನೂ ಗಟ್ಟಿಯಿದ್ದರೆ ನಿಮ್ಮ ಡಾಕ್ಟರ ಮಾತಿಗೆ ನನ್ನದೂ ಸಹಿ. ಮೂಲೆ ಬಹಳ ಕಾಲದಿಂದ ಅಂಟಿಕೊಂಡಿದ್ದರೆ ಲೆನ್ಸ್ ತೆಗೆದರೂ ಅದು ಪೂರ್ತಿ ಬಿಚ್ಚಿಕೊಳ್ಳದು. ಅಂಥವರಿಗೆ ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು ಎಂಬುದನ್ನು ಈಗಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಹೃದಯಕ್ಕೆ ಹಾಕುವ ಹಾಗೆ ಕಣ್ಣಿಗೂ ಸ್ಟೆಂಟ್ ಬಂದಿದೆಯಂತೆ. ಅದನ್ನೇ ಹಾಕಿಸಿದರೆ ಕೊಯ್ಯುವುದು ತಪ್ಪುತ್ತದೆಯೇ?
— ಮೈಸೂರು

ಉತ್ತರ: ಬಂದಿದೆ. ಟೈಟೇನಿಯಮ್ಮಿನದು, ಉದ್ದ ಸುಮಾರು ಒಂದು ಮಿಲಿಮೀಟರ್. ಪೊರೆ ತೆಗೆಯುವಾಗಲೇ ಒಳಗಿನಿಂದ ಕೂರಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಗ್ಲಾಕೋಮಾ ಆರಂಭದ ಅಥವಾ ಮಧ್ಯದ ಹಂತದಲ್ಲಿದ್ದು, ಒಂದು ಡ್ರಾಪ್ಸ್ ಕಡಿಮೆಯಾದರೆ ಸಾಕು ಎನ್ನುವವರಿಗೆ ಅದು ಒಳ್ಳೆಯದು. ಅಪಾಯ ಕಡಿಮೆ, ಬೆಲೆ ಹೆಚ್ಚು. ಹನ್ನೆರಡಕ್ಕೆ ಇಳಿಯಲೇಬೇಕಾದ ಕಣ್ಣಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಮುಂದಿನ ವಾರ ನನಗೆ ಜೋಡಿ ಆಪರೇಷನ್. ಮೂತ್ರಕ್ಕೆ ತೊಂದರೆ ಅಂತ ಟ್ಯಾಮ್ಸುಲೋಸಿನ್ ಮಾತ್ರೆ ತಗೋತಿದ್ದೀನಿ, ಕಣ್ಣಿನ ಡಾಕ್ಟರಿಗೆ ಹೇಳಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ? ಆಮೇಲೆ ಗದ್ದೆಗೆ ಯಾವಾಗ ಇಳೀಬಹುದು?
— ರೈತ, ಮಂಡ್ಯ ಜಿಲ್ಲೆ

ಉತ್ತರ: ಸಂಬಂಧ ಇದೆ, ಯಜಮಾನರೇ. ಆ ಮಾತ್ರೆ ಕಣ್ಣಿನ ಪಾಪೆಯ ಸುತ್ತಲಿನ ಪರದೆಯನ್ನು ಸಡಿಲ ಮಾಡುತ್ತದೆ, ಆಪರೇಷನ್ ನಡುವೆ ಅದು ಅಲೆಅಲೆಯಾಗಿ ಆಡಿ ತೊಂದರೆ ಕೊಡುತ್ತದೆ. 2005ರಿಂದ ಈ ವಿಷಯ ಕಣ್ಣಿನ ಡಾಕ್ಟರುಗಳಿಗೆಲ್ಲ ಗೊತ್ತು, ಆದರೆ ನೀವು ಹೇಳಿದರಲ್ಲವೇ ಅವರು ತಯಾರಾಗುವುದು? ಮಾತ್ರೆ ಬಿಟ್ಟುಬಿಟ್ಟರೆ ಸರಿಹೋಗುತ್ತದೆ ಎಂದೂ ಇಲ್ಲ, ನೀವಾಗಿ ನಿಲ್ಲಿಸಬೇಡಿ. ಆ ಚೀಟಿ, ರಕ್ತ ತೆಳುವಾಗಲು ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿ, ಉಬ್ಬಸ ಇದ್ದರೆ ಆ ಮಾತು, ಎಲ್ಲವನ್ನೂ ನಾಳೆಯೇ ತೆಗೆದುಕೊಂಡು ಹೋಗಿ ತೋರಿಸಿ.

ಗದ್ದೆಗೆ ಅವಸರ ಬೇಡ. ಮೊದಲ ತಿಂಗಳು ಕೆಸರು, ದೂಳು, ಮೂಟೆ ಹೊರುವುದು, ಬಗ್ಗಿ ನಾಟಿ ಹಾಕುವುದು ಯಾವುದೂ ಬೇಡ. ತಲೆಸ್ನಾನ ಯಾವಾಗ ಎಂದು ಡಾಕ್ಟರನ್ನೇ ಕೇಳಿ. ಕೆರೆ, ನಾಲೆಯಲ್ಲಿ ಮುಳುಗು ಹಾಕುವ ಅಭ್ಯಾಸ ಇದ್ದರೆ ಅದನ್ನು ಶಾಶ್ವತವಾಗಿ ಬಿಟ್ಟುಬಿಡಿ, ಗುಳ್ಳೆ ಇರುವವರೆಗೂ ಆ ನೀರು ಅಪಾಯ. ಶುರುವಿನಲ್ಲಿ ವಾರವಾರವೂ ಕರೆಯುತ್ತಾರೆ. ‘ಕಣ್ಣು ಚೆನ್ನಾಗೈತೆ, ಯಾಕೆ ಹೋಗ್ಲಿ’ ಅನ್ನಬೇಡಿ. ಹೊಲಿಗೆ ಬಿಗಿಯಾಗಿದ್ದರೆ ಲೇಸರಿನಲ್ಲಿ ಕತ್ತರಿಸಿ ಪ್ರೆಶರ್ ಇಳಿಸುವುದು ಆ ವಾರಗಳಲ್ಲಿ ಮಾತ್ರ ಸುಲಭ. ಸ್ಟೀರಾಯ್ಡ್ ಡ್ರಾಪ್ಸನ್ನು ಎರಡು ಮೂರು ತಿಂಗಳಲ್ಲಿ ಮೆಲ್ಲಗೆ ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ, ಅರ್ಧಕ್ಕೆ ಬಿಡಬೇಡಿ. ಅವರು ನಿಲ್ಲಿಸಿ ಎಂದ ಮೇಲೆ ಉಳಿದ ಬಾಟಲಿಯನ್ನು ಎಸೆದುಬಿಡಿ. ಕಣ್ಣು ಕೆಂಪಾದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ಅದನ್ನೇ ಕೇಳಿ ತಂದು ಹಾಕಿ, ಸ್ಟೀರಾಯ್ಡಿನಿಂದಲೇ ಗ್ಲಾಕೋಮಾ ತರಿಸಿಕೊಂಡ ಹುಡುಗರನ್ನೂ ನಾನು ನೋಡಿದ್ದೇನೆ. ಆ ಬಾಟಲಿ ಮನೆಯ ಮಕ್ಕಳ ಕಣ್ಣಿಗಂತೂ ಬೀಳಬಾರದು. ಈ ಸಲದ ನಾಟಿಗೆ ಆಳು ಹಚ್ಚಿ, ನೀವು ಬದುವಿನ ಮೇಲೆ ಕಪ್ಪು ಕನ್ನಡಕ ಹಾಕಿ ನಿಂತು ಹೇಳಿದರೆ ಸಾಕು.